ಮಕ್ಕಳ ಅನಿಮೇಷನ್ ಚಿತ್ರಗಳಲ್ಲಿ ಹೆಣ್ಣು, ಗಂಡು, ಮೈಬಣ್ಣ: ನೀವು ಮನೆಯಲ್ಲಿ ಏನು ಮಾಡುತ್ತೀರಿ?

ಬಿಳಿಹಾಳೆ (ಚರ್ಚೆ ಆರಂಭಿಸಿದವರು)
ಎಲ್ಲರಿಗೂ ನಮಸ್ಕಾರ. ಕಳೆದ ವಾರ ನನ್ನ ಆರು ವರ್ಷದ ಮಗಳು ಹಾಳೆಯ ತುಂಬ ಪ್ರಾಣಿಗಳನ್ನು ಬರೆದಿದ್ದಳು. ಕರಡಿ, ನರಿ, ಇಲಿ, ಆಮೆ, ಹೀಗೆ ಏಳೆಂಟು ಇದ್ದವು. ಅವುಗಳಲ್ಲಿ ಒಂದು ಮೊಲಕ್ಕೆ ಮಾತ್ರ ಕಣ್ಣಿನ ಮೇಲೆ ಮೂರು ಉದ್ದನೆಯ ರೆಪ್ಪೆಗೂದಲು ಎಳೆದು, ಕಿವಿಯ ಬುಡದಲ್ಲಿ ರಿಬ್ಬನ್ ಕಟ್ಟಿದ್ದಳು. ಇದಕ್ಕೆ ಮಾತ್ರ ಯಾಕಮ್ಮ ಎಂದು ಕೇಳಿದೆ. "ಅದು ಹುಡುಗಿ. ಉಳಿದದ್ದೆಲ್ಲ ಸುಮ್ಮನೆ ಪ್ರಾಣಿಗಳು" ಎಂದಳು. ಇದನ್ನು ಅವಳಿಗೆ ನಾವ್ಯಾರೂ ಹೇಳಿಕೊಟ್ಟಿಲ್ಲ. ಅವಳು ನೋಡುವ ಚಿತ್ರಗಳಲ್ಲಿ ಪ್ರಾಣಿಗಳು ಹಾಗೆಯೇ ಇರುತ್ತವೆ ಎಂಬುದು ಆಮೇಲೆ ಹೊಳೆಯಿತು.

ಅದಾದ ಎರಡು ದಿನಕ್ಕೆ ಅವಳ ಜೊತೆ ಕುಳಿತು 1953ರ 'ಪೀಟರ್ ಪ್ಯಾನ್' ನೋಡಿದೆ. ಅದರಲ್ಲಿ ಅಮೆರಿಕದ ಮೂಲನಿವಾಸಿಗಳ ಚರ್ಮ ಏಕೆ ಕೆಂಪು ಎಂದು ವಿವರಿಸುವ ಒಂದು ಹಾಡು ಇದೆ. ನಾನು ಚಿಕ್ಕವಳಿದ್ದಾಗ ಅದನ್ನು ನೋಡಿ ನಕ್ಕಿದ್ದೆ. ಈ ಸಲ ಮಗಳು, "ಇವರು ನಿಜವಾದ ಜನರಾ, ಇಲ್ಲ ಮತ್ಸ್ಯಕನ್ಯೆಯ ಹಾಗೆ ಕಥೆಯಲ್ಲಿ ಮಾತ್ರ ಇರುವವರಾ?" ಎಂದು ಕೇಳಿದಾಗ ನನಗೆ ನಗು ಬರಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಇಂತಹ ಚಿತ್ರಗಳನ್ನು ಮನೆಯಲ್ಲಿ ನಿಲ್ಲಿಸಿಬಿಡಬೇಕೇ, ಜೊತೆಯಲ್ಲಿ ಕುಳಿತು ವಿವರಿಸಬೇಕೇ, ಅಥವಾ ನಾನೇ ಅತಿಯಾಗಿ ಯೋಚಿಸುತ್ತಿದ್ದೇನೆಯೇ? ಮಕ್ಕಳೊಡನೆ ದಿನವೂ ಇರುವವರು ದಯವಿಟ್ಟು ಹೇಳಿ.

ಎಣಿಕೆಗಾರ
ನೀವು ಅತಿಯಾಗಿ ಯೋಚಿಸುತ್ತಿಲ್ಲ. ನಿಮ್ಮ ಮಗಳು ತಾನು ಕಂಡದ್ದನ್ನು ಸರಿಯಾಗಿಯೇ ಎಣಿಸಿದ್ದಾಳೆ. ಕಾರ್ಮೆನ್ ಫಾಟ್ ಮತ್ತು ಕ್ಯಾರೆನ್ ಐಸೆನ್‌ಹಾವರ್ ಎಂಬ ಇಬ್ಬರು ಭಾಷಾವಿಜ್ಞಾನಿಗಳು ಡಿಸ್ನಿಯ ರಾಜಕುಮಾರಿ ಚಿತ್ರಗಳಲ್ಲಿ ಯಾರು ಎಷ್ಟು ಮಾತನಾಡುತ್ತಾರೆ ಎಂದು ಲೆಕ್ಕ ಹಾಕಿದರು. ಅದು 2016ರಲ್ಲಿ ಸುದ್ದಿಯಾಯಿತು. ಮತ್ಸ್ಯಕನ್ಯೆಯ ಕಥೆಯಾದ 1989ರ 'ದಿ ಲಿಟಲ್ ಮರ್ಮೇಡ್' ಚಿತ್ರದಲ್ಲಿ ಶೇ 68ರಷ್ಟು ಮಾತು ಗಂಡು ಪಾತ್ರಗಳದು. 1992ರ 'ಅಲ್ಲಾದೀನ್' ಚಿತ್ರದಲ್ಲಿ ಅದು ಶೇ 90. 'ಪೊಕಾಹೊಂಟಸ್' ಚಿತ್ರದಲ್ಲಿ ಶೇ 76, 'ಮುಲಾನ್' ಚಿತ್ರದಲ್ಲಿ ಶೇ 77. ಕೊನೆಯ ಎರಡು ಚಿತ್ರಗಳ ಹೆಸರೇ ಹುಡುಗಿಯ ಹೆಸರು ಎಂಬುದನ್ನು ಗಮನಿಸಿ.

ಇನ್ನೂ ಅಚ್ಚರಿಯ ಸಂಗತಿಯೆಂದರೆ, ನಾವು ಹಳೆಯ ಕಾಲದವು ಎಂದು ಬದಿಗಿಡುವ ಚಿತ್ರಗಳಲ್ಲಿ ಹೆಂಗಸರು ಹೆಚ್ಚು ಮಾತನಾಡುತ್ತಾರೆ. 1937ರ 'ಸ್ನೋ ವೈಟ್' ಚಿತ್ರದಲ್ಲಿ ಹೆಚ್ಚುಕಡಿಮೆ ಅರ್ಧ, 1950ರ 'ಸಿಂಡ್ರೆಲಾ' ಚಿತ್ರದಲ್ಲಿ ಶೇ 60, 1959ರ 'ಸ್ಲೀಪಿಂಗ್ ಬ್ಯೂಟಿ' ಚಿತ್ರದಲ್ಲಿ ಶೇ 71. ಇದಕ್ಕೆ ಕಾರಣ ನಾಯಕಿಯಲ್ಲ, ಅವಳ ಸುತ್ತಲಿರುವವರು. ಮತ್ಸ್ಯಕನ್ಯೆಯ ಏಡಿ ಗಂಡು, ಮೀನು ಗಂಡು, ಹಕ್ಕಿ ಗಂಡು. ಮುಲಾನಳ ಡ್ರ್ಯಾಗನ್ ಗಂಡು. ಕಥೆಗೆ ಒಬ್ಬ ಹುಡುಗಿ ಬೇಕೆಂದು ಹುಡುಗಿಯನ್ನು ತರುತ್ತಾರೆ, ಉಳಿದವರೆಲ್ಲ, ನಿಮ್ಮ ಮಗಳ ಮಾತಿನಲ್ಲೇ ಹೇಳುವುದಾದರೆ, "ಸುಮ್ಮನೆ ಪ್ರಾಣಿಗಳು". ಇದನ್ನು ಅಮೆರಿಕದ ಲೇಖಕಿ ಕಾಥಾ ಪಾಲಿಟ್ 1991ರಲ್ಲೇ ಗುರುತಿಸಿ, ಹಿಂಡು ಗಂಡುಗಳ ನಡುವೆ ಸ್ಮರ್ಫೆಟ್ ಎಂಬ ಒಂದೇ ಹೆಣ್ಣಿರುವ ನೀಲಿ ಸ್ಮರ್ಫ್‌ಗಳ ಕಥೆಯಿಂದ 'ಸ್ಮರ್ಫೆಟ್ ಸೂತ್ರ' ಎಂದು ಹೆಸರಿಟ್ಟರು.

ನೇರನುಡಿ
ಅಂಕಿಗಳನ್ನು ಒಪ್ಪುತ್ತೇನೆ, ಅವುಗಳಿಂದ ಎಳೆದ ತೀರ್ಮಾನವನ್ನು ಒಪ್ಪುವುದಿಲ್ಲ. ಮುಲಾನ್ ಸೈನ್ಯ ಸೇರುವ ಕಥೆ, ಸೈನ್ಯದಲ್ಲಿ ಗಂಡಸರಿದ್ದರು. ಮತ್ಸ್ಯಕನ್ಯೆಯ ಕಥೆಯ ತಿರುಳೇ ಅವಳು ದನಿ ಕಳೆದುಕೊಳ್ಳುವುದು. ಇನ್ನು 'ಸ್ಲೀಪಿಂಗ್ ಬ್ಯೂಟಿ'ಯಲ್ಲಿ ಮಾತನಾಡುವ ಹೆಂಗಸರು ಯಾರು? ಮೂವರು ಯಕ್ಷಿಣಿಯರು ಮತ್ತು ಒಬ್ಬ ಮಾಟಗಾತಿ. ರಾಜಕುಮಾರಿಯೇ ಕೆಲವೇ ಮಾತುಗಳನ್ನಾಡಿ ಮಲಗಿಬಿಡುತ್ತಾಳೆ. ಹಾಗಾದರೆ 71 ಎಂಬ ಅಂಕಿ ಹೆಣ್ಣಿಗೆ ಸಿಕ್ಕ ಗೌರವವೇ? ನನ್ನ ಮಗಳು ಮುಲಾನಳನ್ನು ನೋಡಿ ಕೋಲು ಹಿಡಿದು ಮನೆಯೆಲ್ಲ ಓಡಾಡಿದವಳು. ಅವಳಿಗೆ ಶೇಕಡಾವಾರು ಲೆಕ್ಕ ತಿಳಿದಿರಲಿಲ್ಲ, ಅದರಿಂದ ಏನೂ ನಷ್ಟವಾಗಲಿಲ್ಲ.

ಎಣಿಕೆಗಾರ
ನೇರನುಡಿ ಅವರೇ, ಯಕ್ಷಿಣಿಯರ ವಿಷಯದಲ್ಲಿ ನೀವು ಹೇಳಿದ್ದು ಸರಿ. ಮಾತಿನ ಪ್ರಮಾಣವೊಂದೇ ಅಳತೆಗೋಲಾಗದು. ಸಿಂಡ್ರೆಲಾಳ ಶೇ 60ರಲ್ಲಿ ಮಲತಾಯಿಯ ಬೈಗುಳವೂ ಸೇರಿದೆ. ಆದರೆ ಸೈನ್ಯದಲ್ಲಿ ಗಂಡಸರಿದ್ದರು ಎಂಬುದು ಡ್ರ್ಯಾಗನ್ ಯಾಕೆ ಗಂಡು ಎಂಬ ಪ್ರಶ್ನೆಗೆ ಉತ್ತರವಲ್ಲ. ಯಾವ ಇತಿಹಾಸವೂ ಕಟ್ಟಿಹಾಕದ ಜಾಗದಲ್ಲಿ ಕೂಡ ಬರೆಯುವವನ ಕೈ ಗಂಡನ್ನೇ ಬರೆಯುತ್ತದೆ. ನಾನು ಹೇಳುತ್ತಿರುವುದು ಆ ಕೈರೂಢಿಯ ಬಗ್ಗೆ.

ಜೇನುಗೂಡು
ನಾನು ಶಾಲೆಯಲ್ಲಿ ಜೀವವಿಜ್ಞಾನ ಕಲಿಸುತ್ತೇನೆ. ಈ ಕೈರೂಢಿಯ ಫಲವನ್ನು ತರಗತಿಯಲ್ಲಿ ಪ್ರತಿ ವರ್ಷ ಕಾಣುತ್ತೇನೆ. ಜೇನುಗೂಡಿನಲ್ಲಿ ಮಕರಂದ ತರುವವರು ಯಾರು ಎಂದು ಕೇಳಿದರೆ ಮಕ್ಕಳು ತಡಮಾಡದೆ ಗಂಡು ಜೇನು ಎನ್ನುತ್ತಾರೆ. 2007ರ 'ಬೀ ಮೂವಿ'ಯಲ್ಲಿ ಹೂವಿನಿಂದ ಹೂವಿಗೆ ಹಾರುವ ವೀರರೆಲ್ಲ ಅಗಲ ಎದೆಯ ಗಂಡಸರು, ನಾಯಕನಿಗೆ ಕೊಂಡಿಯೂ ಇದೆ. ನಿಜದಲ್ಲಿ ದುಡಿಯುವ ಜೇನುಗಳೆಲ್ಲ ಹೆಣ್ಣು. ಗಂಡು ಜೇನಿಗೆ ಕೊಂಡಿಯೇ ಇಲ್ಲ. ಇರುವೆಗಳಲ್ಲೂ ಕೆಲಸಗಾರರು ಹೆಣ್ಣೇ, ಆದರೆ 1998ರಲ್ಲಿ ಬಂದ ಎರಡು ಇರುವೆ ಚಿತ್ರಗಳಲ್ಲಿ, 'ಆಂಟ್ಜ್' ಮತ್ತು 'ಎ ಬಗ್ಸ್ ಲೈಫ್' ಎರಡರಲ್ಲೂ, ದುಡಿಯುವ ನಾಯಕ ಗಂಡು, ಅವನು ಮೆಚ್ಚುವುದು ರಾಜಕುಮಾರಿಯನ್ನು. 2006ರ 'ಬಾರ್ನ್‌ಯಾರ್ಡ್' ಚಿತ್ರದಲ್ಲಂತೂ ನಾಯಕ ಗಂಡು, ಅವನಿಗೆ ಕೆಚ್ಚಲಿದೆ. ಕೆಚ್ಚಲಿರುವ ಪ್ರಾಣಿಯನ್ನು ಕೂಡ ಹೆಣ್ಣಾಗಲು ಬಿಡಲಿಲ್ಲ ಎಂಬುದನ್ನು ನೆನೆದರೆ ನನಗೆ ಇಂದಿಗೂ ಬೇಸರವಾಗುತ್ತದೆ.

ಸಣ್ಣದನಿ
ಕೆಚ್ಚಲಿನ ವಿಷಯ ನಾನು ಗಮನಿಸಿಯೇ ಇರಲಿಲ್ಲ. ಆ ಚಿತ್ರವನ್ನು ಮಕ್ಕಳೊಡನೆ ಮೂರು ಸಲವಾದರೂ ನೋಡಿದ್ದೇನೆ.

ನೇರನುಡಿ
ಜೇನುಗೂಡು ಅವರೇ, ಮಾತನಾಡುವ, ಕಾರು ಓಡಿಸುವ ಜೇನಿನಿಂದ ಜೀವವಿಜ್ಞಾನವನ್ನು ನಿರೀಕ್ಷಿಸುವುದು ನ್ಯಾಯವೇ? ಕಥೆಗಾರನಿಗೆ ಅಷ್ಟು ಸ್ವಾತಂತ್ರ್ಯ ಇರಬೇಡವೇ?

ಜೇನುಗೂಡು
ಸ್ವಾತಂತ್ರ್ಯ ಇರಲಿ. ನನ್ನ ತಕರಾರು ತಪ್ಪಿನ ಬಗ್ಗೆ ಅಲ್ಲ, ತಪ್ಪು ಯಾವಾಗಲೂ ಒಂದೇ ಕಡೆಗೆ ವಾಲುವುದರ ಬಗ್ಗೆ. ಕಥೆಗಾರರು ಮನಬಂದಂತೆ ಬದಲಿಸುವುದಾದರೆ ಗಂಡು ಪ್ರಾಣಿ ಹೆಣ್ಣಾದ ಉದಾಹರಣೆಗಳೂ ಅಷ್ಟೇ ಸಿಗಬೇಕಿತ್ತು. 2003ರ 'ಫೈಂಡಿಂಗ್ ನೀಮೊ' ಚಿತ್ರದ ಕೋಡಂಗಿ ಮೀನುಗಳ ಬದುಕಿನಲ್ಲಿ, ಹೆಣ್ಣು ಸತ್ತರೆ ಉಳಿದ ಗಂಡು ಮೀನು ಹೆಣ್ಣಾಗಿ ಬದಲಾಗುತ್ತದೆ. ಮಗುವಿಗೆ ಹೇಳಿದರೆ ಕಣ್ಣರಳಿಸಿ ಕೇಳುವ ಸಂಗತಿ ಅದು. 1994ರ 'ದಿ ಲಯನ್ ಕಿಂಗ್' ನೋಡಿದ ಮಕ್ಕಳಿಗೆ ನಾನು ಎರಡು ವಿಷಯ ಹೇಳುತ್ತೇನೆ. ಸಿಂಹಗಳಲ್ಲಿ ಹೆಚ್ಚಿನ ಬೇಟೆ ಹೆಣ್ಣುಗಳದು. ಚುಕ್ಕೆ ಕತ್ತೆಕಿರುಬಗಳ ಗುಂಪಿನಲ್ಲಿ ಯಜಮಾನಿಕೆಯೂ ಹೆಣ್ಣಿನದು. ಆ ಚಿತ್ರದಲ್ಲಿ ಚಿಕ್ಕಪ್ಪ ರಾಜ್ಯ ಹಾಳು ಮಾಡುವಾಗ ಅಷ್ಟೊಂದು ಸಿಂಹಿಣಿಯರು ಒಬ್ಬ ಗಂಡು ಮರಳಿ ಬರಲಿ ಎಂದು ಕಾಯುತ್ತಾ ಕೂರುತ್ತಾರೆ. ನನ್ನ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, "ಮೇಡಂ, ಅವರೇ ಅವನನ್ನು ಓಡಿಸಬಹುದಿತ್ತಲ್ಲ?" ಎಂದಳು. ನನ್ನ ಬಳಿ ಉತ್ತರ ಇರಲಿಲ್ಲ.

ಹಳೇರೀಲು
ಚರ್ಚೆ ಹೆಣ್ಣು ಗಂಡಿನ ಕಡೆಗೇ ಹೋಯಿತು. ಬಿಳಿಹಾಳೆ ಅವರು ಕೇಳಿದ ಎರಡನೆಯ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ನನಗೆ ಅದು ಇನ್ನೂ ಗಂಭೀರವಾಗಿ ಕಾಣುತ್ತದೆ.

ಹಾರುವ ಆನೆಮರಿಯ ಕಥೆಯಾದ 1941ರ 'ಡಂಬೋ' ಚಿತ್ರದಲ್ಲಿ ಮಳೆಯ ರಾತ್ರಿ ಸರ್ಕಸ್ಸಿನ ಗುಡಾರ ಎಬ್ಬಿಸುವ ಕೂಲಿಗಳು ಕಪ್ಪು ಜನ. ಅವರಿಗೆ ಮುಖವನ್ನೇ ಬರೆದಿಲ್ಲ. ತಮಗೆ ಓದು ಬರಹ ಬರುವುದಿಲ್ಲ ಎಂದು ಅವರು ಸಂತೋಷದಿಂದ ಹಾಡುತ್ತಾರೆ. ಅದೇ ಚಿತ್ರದ ಕಾಗೆಗಳ ಮುಖಂಡನಿಗೆ ತಯಾರಿಕೆಯ ದಾಖಲೆಗಳಲ್ಲಿ ಇದ್ದ ಹೆಸರು ಜಿಮ್ ಕ್ರೋ. ಅಮೆರಿಕದಲ್ಲಿ ಕಪ್ಪು ಜನರನ್ನು ಪ್ರತ್ಯೇಕವಾಗಿಟ್ಟ ಕಾನೂನುಗಳನ್ನು ಕರೆಯುತ್ತಿದ್ದದ್ದೂ ಅದೇ ಹೆಸರಿನಿಂದ. ಆ ಕಾಗೆಗೆ ದನಿ ಕೊಟ್ಟವರು ಕ್ಲಿಫ್ ಎಡ್ವರ್ಡ್ಸ್ ಎಂಬ ಬಿಳಿಯ ನಟ. 1940ರ 'ಫ್ಯಾಂಟೇಸಿಯಾ'ದಲ್ಲಿ ಅರ್ಧ ಹೆಣ್ಣು, ಅರ್ಧ ಕುದುರೆಯಾದ ಬಿಳಿಯ ಅಶ್ವಕನ್ಯೆಯರ ಗೊರಸು ಉಜ್ಜುವ, ಸನ್‌ಫ್ಲವರ್ ಎಂಬ ಹೆಸರಿನ ಒಬ್ಬಳು ಕಪ್ಪು ಹುಡುಗಿ ಇದ್ದಳು. 1960ರ ದಶಕದಲ್ಲಿ ಅವಳನ್ನು ಚಿತ್ರದಿಂದ ತೆಗೆದುಹಾಕಿದರು. 1970ರ 'ದಿ ಅರಿಸ್ಟೊಕ್ಯಾಟ್ಸ್' ಚಿತ್ರದಲ್ಲಿ ಸಯಾಮಿ ಬೆಕ್ಕು ಊಟದ ಕಡ್ಡಿಗಳಿಂದ ಪಿಯಾನೊ ಬಾರಿಸುತ್ತದೆ. ಬೇರೆ ಚಿತ್ರಶಾಲೆಗಳೂ ಹೀಗೆಯೇ ಇದ್ದವು. ವಾರ್ನರ್ ಬ್ರದರ್ಸ್‌ನ 11 ಕಿರುಚಿತ್ರಗಳನ್ನು, ಕಪ್ಪು ಜನರನ್ನು ಹಾಗೆ ತೋರಿಸಿದ್ದಕ್ಕಾಗಿ, 1968ರಲ್ಲಿ ಟಿವಿ ಪ್ರಸಾರದಿಂದ ಪೂರ್ತಿ ಹಿಂದಕ್ಕೆ ತೆಗೆದುಕೊಳ್ಳಲಾಯಿತು.

ಬಿಳಿಹಾಳೆ ಅವರೇ, 2020ರ ಅಕ್ಟೋಬರ್‌ನಲ್ಲಿ ಡಿಸ್ನಿ ತನ್ನ ಸ್ಟ್ರೀಮಿಂಗ್ ಸೇವೆಯಲ್ಲಿ 'ಡಂಬೋ', 'ಪೀಟರ್ ಪ್ಯಾನ್' ಮತ್ತು 'ದಿ ಅರಿಸ್ಟೊಕ್ಯಾಟ್ಸ್' ಮುಂತಾದವುಗಳ ಮುಂದೆ ಗಟ್ಟಿಯಾದ ಎಚ್ಚರಿಕೆಯನ್ನು ಸೇರಿಸಿತು. ಇಂತಹ ಚಿತ್ರಣ ಅಂದೂ ತಪ್ಪು, ಇಂದೂ ತಪ್ಪು ಎಂಬುದು ಆಗ ಅದರ ಸಾರವಾಗಿತ್ತು. ಏಳು ವರ್ಷದೊಳಗಿನ ಮಕ್ಕಳ ಪ್ರೊಫೈಲ್‌ನಿಂದ ಈ ಚಿತ್ರಗಳನ್ನು ಆಮೇಲೆ ತೆಗೆದೂಹಾಕಿತು. ನಿಮ್ಮ ಮಗಳಿಗೆ ಆರು. ಅವರೇ ಹಾಕಿದ ಗೆರೆಯ ಈಚೆಗಿದ್ದಾಳೆ.

ಬಿಳಿಹಾಳೆ
ನಾವು ನೋಡಿದ್ದು ಹಳೆಯ ಡಿವಿಡಿಯಲ್ಲಿ, ಅದರಲ್ಲಿ ಯಾವ ಎಚ್ಚರಿಕೆಯೂ ಇರಲಿಲ್ಲ. ಇದ್ದಿದ್ದರೂ ಆರು ವರ್ಷದ ಮಗು ಅದನ್ನು ಓದುತ್ತಿತ್ತೇ?

ಒಳಮನೆ
ಸನ್‌ಫ್ಲವರಳನ್ನು ಕತ್ತರಿಸಿದ್ದು ಒಳ್ಳೆಯದೇ ಆಯಿತು ಎಂದು ನನಗೆ ಅನಿಸುತ್ತದೆ. ಮಗುವಿನ ಕಣ್ಣಿಗೆ ಬೀಳದಿದ್ದರೆ ಸಾಕು.

ಹಳೇರೀಲು
ನಾನು ಒಪ್ಪುವುದಿಲ್ಲ. ಮಕ್ಕಳಿಗೆ ತೋರಿಸುವ ಪ್ರತಿಯಿಂದ ತೆಗೆಯುವುದು ಒಂದು ಮಾತು, ಅಂತಹ ಚಿತ್ರವೇ ಇರಲಿಲ್ಲವೆಂಬಂತೆ ನಡೆದುಕೊಳ್ಳುವುದು ಬೇರೆಯೇ ಮಾತು. ಕತ್ತರಿಸಿದ ಪ್ರತಿಯನ್ನು ನೋಡಿ ಬೆಳೆದವರು ಆ ಚಿತ್ರಶಾಲೆ ಮೊದಲಿನಿಂದಲೂ ನಿರ್ಮಲವಾಗಿತ್ತೆಂದೇ ತಿಳಿಯುತ್ತಾರೆ. ಒಂದು ಜನಾಂಗವನ್ನು ಹೀನವಾಗಿ ಚಿತ್ರಿಸಿದವರು ಸದ್ದಿಲ್ಲದೆ ಅಳಿಸಿದರೆ, ನೊಂದವರ ಬಳಿ ಸಾಕ್ಷಿಯೂ ಉಳಿಯುವುದಿಲ್ಲ. ದೊಡ್ಡವರಿಗೆ ಪೂರ್ತಿ ಪ್ರತಿ ಸಿಗಬೇಕು, ಅದರ ಮುಂದೆ ಎಚ್ಚರಿಕೆ ಇರಬೇಕು.

ಇನ್ನೊಂದು ಮಾತು. ಡಿಸ್ನಿಯಲ್ಲಿ 1956ರಿಂದ ಕೆಲಸ ಮಾಡಿದ ಕಪ್ಪು ಜನಾಂಗದ ಕಲಾವಿದ ಫ್ಲಾಯ್ಡ್ ನಾರ್ಮನ್ ಆ ಕಾಗೆಗಳ ಪರವಾಗಿ ಬರೆದಿದ್ದಾರೆ. ಆನೆಮರಿಯ ನೋವನ್ನು ಅರಿತು ಹಾರಲು ಕಲಿಸುವವರು ಆ ಕಾಗೆಗಳೇ ತಾನೆ? ಕಾಗೆಗಳ ವಿಷಯದಲ್ಲಿ ನನ್ನ ಮನಸ್ಸು ಎರಡಾಗಿದೆ. ಮುಖವಿಲ್ಲದ ಕೂಲಿಗಳ ವಿಷಯದಲ್ಲಿ ಇಲ್ಲ.

ಸಣ್ಣದನಿ
ಸ್ಪೀಡಿ ಗೊನ್ಜಾಲೆಸ್ ಎಂಬ ಮೆಕ್ಸಿಕೊದ ಇಲಿಯ ಕಥೆಯೂ ಹೀಗೆಯೇ ಆಯಿತು. ಮೆಕ್ಸಿಕೊದವರನ್ನು ಹೀನವಾಗಿ ತೋರಿಸುತ್ತದೆ ಎಂದು ಕಾರ್ಟೂನ್ ನೆಟ್‌ವರ್ಕ್ ಅದನ್ನು 1999ರಲ್ಲಿ ನಿಲ್ಲಿಸಿತು. ಆದರೆ ಲ್ಯಾಟಿನ್ ಅಮೆರಿಕ ಮೂಲದವರೇ ನಮ್ಮ ಇಲಿ ನಮಗೆ ಬೇಕು ಎಂದು ಕೇಳಿದ ಮೇಲೆ 2002ರಲ್ಲಿ ಮತ್ತೆ ಬಂತು. ಯಾರ ಚಿತ್ರವೋ ಅವರನ್ನೇ ಕೇಳುವುದು ಒಳ್ಳೆಯದು.

ದನಿಪೆಟ್ಟಿಗೆ
ನಾನು ಹಲವು ವರ್ಷ ಡಬ್ಬಿಂಗ್ ಕೆಲಸ ಮಾಡಿದ್ದೇನೆ, ಆದ್ದರಿಂದ ಕಣ್ಣಿಗಿಂತ ಕಿವಿಯ ಬಗ್ಗೆ ಹೇಳುತ್ತೇನೆ. ರೋಸಿನಾ ಲಿಪ್ಪಿ-ಗ್ರೀನ್ ಎಂಬ ಭಾಷಾವಿಜ್ಞಾನಿ ಡಿಸ್ನಿ ಚಿತ್ರಗಳ ಉಚ್ಚಾರಣೆಯನ್ನು ಅಭ್ಯಾಸ ಮಾಡಿ 1997ರಲ್ಲಿ ಪ್ರಕಟಿಸಿದರು. ಅಮೆರಿಕನ್ ಇಂಗ್ಲಿಷ್ ಮಾತನಾಡುವ ಪಾತ್ರಗಳಲ್ಲಿ ಕೆಟ್ಟವರು ಸುಮಾರು ಐದರಲ್ಲೊಬ್ಬರು. ಬೇರೆ ಭಾಷೆಯ ಛಾಯೆಯಲ್ಲಿ ಇಂಗ್ಲಿಷ್ ಆಡುವವರಲ್ಲಿ ಕೆಟ್ಟವರು ಸುಮಾರು ಐದರಲ್ಲಿಬ್ಬರು. 'ಅಲ್ಲಾದೀನ್' ಚಿತ್ರದಲ್ಲಿ ನಾಯಕ, ನಾಯಕಿ ಇಬ್ಬರೂ ಅಮೆರಿಕದ ಹುಡುಗ ಹುಡುಗಿಯರಂತೆ ಮಾತನಾಡುತ್ತಾರೆ, ಕೈ ಕತ್ತರಿಸಲು ಬರುವವರು ಮಾತ್ರ ಅರಬ್ಬರಂತೆ. ಅದೇ ಊರಿನಲ್ಲಿ ಹುಟ್ಟಿದವರ ನಾಲಿಗೆ ಹಾಗೆ ಎರಡು ಬಗೆಯಾಗುವುದು ಹೇಗೆ?

ಅದರ ಮೊದಲ ಹಾಡಿನಲ್ಲಿ, ಮುಖ ಹಿಡಿಸದಿದ್ದರೆ ಕಿವಿ ಕತ್ತರಿಸುವ ನಾಡು ಎಂಬ ಅರ್ಥದ ಸಾಲಿತ್ತು. ಅರಬ್ ಮೂಲದ ಅಮೆರಿಕನ್ನರ ಸಂಘಟನೆ ದೂರಿದ ಮೇಲೆ 1993ರ ವಿಡಿಯೊ ಪ್ರತಿಯಲ್ಲಿ ಅದನ್ನು ಬದಲಿಸಿದರು. ಆದರೆ ಆ ನಾಡು ಅನಾಗರಿಕ ಎನ್ನುವ ಮುಂದಿನ ಮಾತನ್ನು ಹಾಗೆಯೇ ಬಿಟ್ಟರು. ಅದು ಹೋದದ್ದು 2019ರ ಹೊಸ ಚಿತ್ರದಲ್ಲಿ.

ಡಬ್ಬಿಂಗ್ ಮಾಡುವಾಗ ಮೂಲದ ಉಚ್ಚಾರಣೆ ಬಿಟ್ಟುಹೋಗುತ್ತದೆ, ಆ ಅಭ್ಯಾಸ ಮಾತ್ರ ಉಳಿಯುತ್ತದೆ. ಒಮ್ಮೆ ನನಗೆ ಒಬ್ಬ ಕಳ್ಳನ ಪಾತ್ರ ಕೊಟ್ಟರು. ನಾನು ಎಲ್ಲರ ಹಾಗೆ ಗ್ರಂಥಸ್ಥ ಭಾಷೆಯಲ್ಲಿ ಮಾತನಾಡಿದೆ. ಧ್ವನಿಮುದ್ರಣ ನಿಲ್ಲಿಸಿ, "ಇಷ್ಟು ಶುದ್ಧ ಬೇಡ, ಸ್ವಲ್ಪ ಹಳ್ಳಿಯವನ ಹಾಗೆ ಮಾಡಿ, ಮಕ್ಕಳಿಗೆ ಕಳ್ಳ ಎಂದು ಗೊತ್ತಾಗಬೇಕು" ಎಂದರು. ನಾನು ಮನೆಯಲ್ಲಿ ನನ್ನ ತಾಯಿಯೊಡನೆ ಆಡುವ ಮಾತು ಅದೇ. ಆ ದಿನ ಅವರು ಹೇಳಿದಂತೆ ಮಾಡಿದೆ, ಸಂಭಾವನೆಯನ್ನೂ ಪಡೆದೆ. ಇಂದು ಕೇಳಿದರೆ ಮಾಡುವುದಿಲ್ಲ.

ಅಜ್ಜಿಕಥೆ
ದನಿಪೆಟ್ಟಿಗೆ ಅವರೇ, ನಿಮ್ಮ ಮಾತು ಎದೆಗೆ ತಾಕಿತು. ಹಳ್ಳಿಯ ನುಡಿ ಎಂದರೆ ಕಳ್ಳ ಅಥವಾ ಕೋಡಂಗಿ ಎಂದು ಮಕ್ಕಳಿಗೆ ಕಲಿಸಿ, ಆಮೇಲೆ ಶಾಲೆಯಲ್ಲಿ ಹಾಗೆ ಮಾತನಾಡುವ ಮಗುವನ್ನು ಉಳಿದವರು ಅಣಕಿಸಿದರೆ ಅದು ಯಾರ ತಪ್ಪು?

ಇಬ್ಬರಪ್ಪ
ನನಗೆ ಇಬ್ಬರು ಗಂಡುಮಕ್ಕಳು. ಸಿದ್ಧಮಾದರಿಗಳಿಂದ ಹುಡುಗಿಯರಿಗಷ್ಟೇ ನಷ್ಟ ಎಂದು ಭಾವಿಸಬೇಡಿ. ರಪುನ್ಜೆಲ್ ಕಥೆಯ ಚಿತ್ರಕ್ಕೆ 2010ರಲ್ಲಿ 'ಟ್ಯಾಂಗಲ್ಡ್' ಎಂದು ಹೆಸರು ಬದಲಿಸಿದರು. ಹುಡುಗಿಯರ ಕಥೆ ಎಂದುಕೊಂಡು ಹುಡುಗರು ಬಾರದೇ ಹೋದಾರು ಎಂಬುದೇ ಅದರ ಹಿಂದಿದ್ದ ಚಿಂತೆ. ಅಂದರೆ ಹುಡುಗನಿಗೆ ಹುಡುಗಿಯ ಕಥೆ ಬೇಡ ಎಂದು ದೊಡ್ಡವರು ಮೊದಲೇ ತೀರ್ಮಾನಿಸಿದ್ದಾರೆ, ಹುಡುಗಿಯರು ಮಾತ್ರ ಹುಡುಗರ ಕಥೆಗಳನ್ನು ತಮ್ಮದೆಂದು ನೋಡುತ್ತಲೇ ಬಂದಿದ್ದಾರೆ. ಪಿಕ್ಸಾರ್‌ನಂತಹ ಚಿತ್ರಶಾಲೆಯೂ 1995ರಿಂದ 12 ಚಿತ್ರ ಮಾಡಿದ ಮೇಲೆ, 2012ರ 'ಬ್ರೇವ್' ಚಿತ್ರದಲ್ಲಿ ಮೊದಲ ಸಲ ಹುಡುಗಿಯೊಬ್ಬಳನ್ನು ಕಥೆಯ ಮುಖ್ಯ ಪಾತ್ರವಾಗಿಸಿತು.

ಖಳರನ್ನೂ ಗಮನಿಸಿ. ಸಿಂಹದ ಕಥೆಯ ಚಿಕ್ಕಪ್ಪ, ಅಲ್ಲಾದೀನನ ಮಂತ್ರಿ ಇಬ್ಬರೂ ತೆಳ್ಳಗೆ ಬಳುಕುವ ದೇಹದವರು, ನಯವಾಗಿ ಮಾತನಾಡುವವರು, ಕೈಗಳನ್ನು ನಾಜೂಕಾಗಿ ಆಡಿಸುವವರು. ನಾಯಕರು ಅಗಲ ಭುಜದವರು. ನನ್ನ ಚಿಕ್ಕ ಮಗ ಕೈ ಆಡಿಸುತ್ತಾ ಮೆಲುದನಿಯಲ್ಲಿ ಮಾತನಾಡುವ ಹುಡುಗ. ಶಾಲೆಯ ನಾಟಕದಲ್ಲಿ ಅವನಿಗೆ ಕೇಳದೆಯೇ ಕೆಟ್ಟ ಮಂತ್ರಿಯ ಪಾತ್ರ ಕೊಟ್ಟರು. "ನಾನು ಹಾಗೇ ಕಾಣುತ್ತೇನಂತೆ ಅಪ್ಪ" ಎಂದು ಬಂದು ಹೇಳಿದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಜೇನುಗೂಡು
ಇಬ್ಬರಪ್ಪ ಅವರೇ, ನಿಮ್ಮ ಮಗನಿಗೆ 1991ರ 'ಬ್ಯೂಟಿ ಅಂಡ್ ದಿ ಬೀಸ್ಟ್' ತೋರಿಸಿ. ಅದರಲ್ಲಿ ಅಗಲ ಭುಜದವನೇ ಖಳ.

ಗೆರೆಬಣ್ಣ
ಪಾತ್ರಗಳಿಗೆ ರೂಪ ಕೊಡುವುದು ನನ್ನ ವೃತ್ತಿ. ಹೊಸಬರಿಗೆ ಮೊದಲು ಹೇಳಿಕೊಡುವುದು, ಕಪ್ಪು ನೆರಳಾಗಿ ನೋಡಿದರೂ ಪಾತ್ರ ಯಾವುದೆಂದು ಗುರುತು ಸಿಗಬೇಕು ಎಂದು. ಅದಕ್ಕಾಗಿ ಒಬ್ಬನನ್ನು ಚೌಕದಿಂದ, ಇನ್ನೊಬ್ಬನನ್ನು ತ್ರಿಕೋನದಿಂದ, ಮತ್ತೊಬ್ಬನನ್ನು ಉರುಟಾಗಿ ಕಟ್ಟುತ್ತೇವೆ. ಈ ನಿಯಮ ಗಂಡು ಪಾತ್ರಗಳಿಗೆ ಚೆನ್ನಾಗಿ ನಡೆಯುತ್ತದೆ. ಹೆಣ್ಣು ಪಾತ್ರ ಬಂದ ಕೂಡಲೇ ನಿಯಮ ಮರೆತುಹೋಗುತ್ತದೆ: ದುಂಡು ಕೆನ್ನೆ, ದೊಡ್ಡ ಕಣ್ಣು, ಇದೆಯೋ ಇಲ್ಲವೋ ಎಂಬಂತಹ ಮೂಗು, ನನ್ನ ಮಣಿಕಟ್ಟಿಗಿಂತ ತೆಳ್ಳಗಿನ ಸೊಂಟ.

ಒಮ್ಮೆ ಮೀನು ಹಿಡಿಯುವ ಒಬ್ಬ ಮುದುಕಿಯ ಪಾತ್ರ ಬರೆದೆ. ದವಡೆ ಅಗಲ, ಮೂಗು ಬಾಗಿದ್ದು, ಬಿಸಿಲಿಗೆ ಕಪ್ಪಾದ ಮುಖದಲ್ಲಿ ಕಣ್ಣ ಸುತ್ತ ಗೆರೆಗಳು. ಹಾಳೆ ಮರಳಿ ಬಂದಾಗ ದವಡೆಯ ಮೇಲೆ ಕೆಂಪು ಶಾಯಿಯಲ್ಲಿ ಬಾಣ ಎಳೆದು "ಮೃದು ಮಾಡಿ" ಎಂದು ಬರೆದಿದ್ದರು. ಎರಡನೆಯ ಸಲ ಮೂಗಿಗೆ ಬಾಣ. ಮೂರನೆಯ ಸಲ "ಮೈಬಣ್ಣ ಒಂದು ಹದ ತಿಳಿಯಾಗಲಿ, ಇಲ್ಲದಿದ್ದರೆ ಮಾಟಗಾತಿ ಎಂದುಕೊಳ್ಳುತ್ತಾರೆ". ಅದೇ ಚಿತ್ರದ ಮುದುಕನಿಗೆ ಅದೇ ದವಡೆ, ಅದೇ ಮೂಗು, ಅದೇ ಬಣ್ಣ. ಅವನು ಮೊದಲ ಸಲಕ್ಕೇ ಒಪ್ಪಿಗೆಯಾದ.

ಕೋಣೆಯಲ್ಲಿ ಯಾರು ಕುಳಿತಿದ್ದಾರೆ ಎಂಬುದಕ್ಕೂ ಇದಕ್ಕೂ ಸಂಬಂಧವಿದೆ. 1938ರಲ್ಲಿ ಕೆಲಸ ಕೇಳಿದ ಯುವತಿಯೊಬ್ಬಳಿಗೆ ಡಿಸ್ನಿ ಚಿತ್ರಶಾಲೆ, ಚಿತ್ರ ರಚಿಸುವ ಸೃಜನಶೀಲ ಕೆಲಸವನ್ನು ಹೆಂಗಸರು ಮಾಡುವುದಿಲ್ಲ, ಅದು ಪೂರ್ತಿ ಯುವಕರ ಕೆಲಸ ಎಂದು ಉತ್ತರ ಬರೆದ ಪತ್ರ ಇಂದಿಗೂ ಇದೆ. ಹೆಂಗಸರಿಗೆ ಉಳಿದದ್ದು ಗೆರೆಗಳನ್ನು ಪಾರದರ್ಶಕ ಹಾಳೆಗೆ ಇಳಿಸಿ ಬಣ್ಣ ತುಂಬುವ ಕೆಲಸ. ಅದಕ್ಕೂ 12 ವರ್ಷ ಮೊದಲೇ, 1926ರಲ್ಲಿ, ಜರ್ಮನಿಯ ಲೋಟೆ ರೈನಿಗರ್ ಕಪ್ಪು ಕಾಗದ ಕತ್ತರಿಸಿ ಪೂರ್ಣಪ್ರಮಾಣದ ಚಿತ್ರ ಮಾಡಿ ಮುಗಿಸಿದ್ದರು. ಇಂದು ಉಳಿದಿರುವ ಪೂರ್ಣಪ್ರಮಾಣದ ಅನಿಮೇಷನ್ ಚಿತ್ರಗಳಲ್ಲಿ ಅತ್ಯಂತ ಹಳೆಯದು ಅದೇ.

'ಬ್ರೇವ್' ಚಿತ್ರದ ಕಥೆ ಬ್ರೆಂಡಾ ಚಾಪ್‌ಮನ್ ಅವರದು. ನಿರ್ದೇಶನದಿಂದ ಅವರನ್ನು ನಡುವೆಯೇ ಬದಲಿಸಲಾಯಿತು. 2013ರಲ್ಲಿ ಅದರ ನಾಯಕಿ ಮೆರಿಡಾಳನ್ನು ಡಿಸ್ನಿಯ ರಾಜಕುಮಾರಿಯರ ಸಾಲಿಗೆ ಸೇರಿಸುವಾಗ, ಸೊಂಟ ತೆಳುವಾಗಿಸಿ, ಕೆದರಿದ ಕೂದಲನ್ನು ಒಪ್ಪ ಮಾಡಿ, ಬಿಲ್ಲು ಬಾಣವಿಲ್ಲದೆ ಬರೆದರು. ಚಾಪ್‌ಮನ್ ಬಹಿರಂಗವಾಗಿ ವಿರೋಧಿಸಿದರು. 2 ಲಕ್ಷಕ್ಕೂ ಹೆಚ್ಚು ಜನ ಮನವಿಗೆ ಸಹಿ ಹಾಕಿದರು. ಬಿಲ್ಲು ಹಿಡಿಯುವುದೇ ಅವಳ ಕಥೆಯಾಗಿತ್ತು.

ಸಣ್ಣದನಿ
ಕೆಂಪು ಶಾಯಿಯ ಆ ಮೂರನೆಯ ಸಾಲನ್ನು ಓದಿ ಮೈ ಉರಿಯಿತು.

ಕಾರ್ಮೋಡ
ಗೆರೆಬಣ್ಣ ಅವರು ಹೇಳಿದ "ಒಂದು ಹದ ತಿಳಿ" ಎಂಬ ಮಾತಿಗೆ ಸೇರಿಸುತ್ತೇನೆ. ನಾನು ಕಪ್ಪಗಿರುವವಳು. ಚಿಕ್ಕಂದಿನಲ್ಲಿ ನಾನು ನೋಡಿದ ಕಾರ್ಟೂನ್‌ಗಳಲ್ಲಿ ನನ್ನ ಬಣ್ಣಕ್ಕೆ ಹತ್ತಿರವಾದವರು ನೆರಳಿನಿಂದ ಹೊರಬರುವ ಕೆಟ್ಟವರು ಮಾತ್ರ.

2009ರಲ್ಲಿ 'ದಿ ಪ್ರಿನ್ಸೆಸ್ ಅಂಡ್ ದಿ ಫ್ರಾಗ್' ಬಂದಾಗ ಡಿಸ್ನಿಯ ಮೊದಲ ಕಪ್ಪು ರಾಜಕುಮಾರಿ ಎಂದು ನನ್ನ ಅಕ್ಕನ ಮಗಳನ್ನು ಕೂರಿಸಿಕೊಂಡು ನೋಡಿದೆ. ಮೊದಲು ಆ ಪಾತ್ರವನ್ನು ಮ್ಯಾಡಿ ಎಂಬ ಮನೆಗೆಲಸದವಳನ್ನಾಗಿ ಯೋಚಿಸಿದ್ದರು, ಜನ ಆಕ್ಷೇಪಿಸಿದ ಮೇಲೆ ಟಿಯಾನಾ ಆದಳು. ಅಷ್ಟೆಲ್ಲ ಆದ ಮೇಲೂ ಚಿತ್ರದ ಬಹುಭಾಗದಲ್ಲಿ ಅವಳು ಕಪ್ಪೆ. ಮಗು ನನ್ನ ತೋಳು ಹಿಡಿದು, "ಚಿಕ್ಕಮ್ಮ, ಅವಳು ಯಾವಾಗ ಮತ್ತೆ ಅವಳಾಗುತ್ತಾಳೆ?" ಎಂದು ನಾಲ್ಕು ಸಲ ಕೇಳಿತು. 2020ರ 'ಸೋಲ್' ಚಿತ್ರದ ನಾಯಕನೂ ಕಪ್ಪು ಜನಾಂಗದವನು. ಅವನೂ ಬಹಳ ಹೊತ್ತು ನೀಲಿ ಆತ್ಮವಾಗಿ ಇರುತ್ತಾನೆ, ಅವನ ದೇಹದಲ್ಲಿ ಬೇರೆಯವರು ಇರುತ್ತಾರೆ.

1940ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ದಂಪತಿ ಕಪ್ಪು ಮಕ್ಕಳ ಮುಂದೆ ಬಿಳಿ ಗೊಂಬೆ, ಕಂದು ಗೊಂಬೆ ಇಟ್ಟು ಯಾವುದು ಒಳ್ಳೆಯದು ಎಂದು ಕೇಳಿದಾಗ ಹೆಚ್ಚಿನ ಮಕ್ಕಳು ಬಿಳಿಯದನ್ನು ತೋರಿಸಿದರು. ಕಂದು ಗೊಂಬೆಯನ್ನು ಕೆಟ್ಟದ್ದೆಂದ ಮಗುವಿಗೆ ಆಮೇಲೆ, ಇವುಗಳಲ್ಲಿ ನಿನ್ನ ಹಾಗೆ ಇರುವುದು ಯಾವುದು ಎಂದು ಕೇಳಿದ್ದರು. ಆ ಕೊನೆಯ ಪ್ರಶ್ನೆಯ ಮುಂದೆ ಕುಳಿತ ಮಗುವನ್ನು ನಾನು ಬಲ್ಲೆ, ಏಕೆಂದರೆ ನಾನೂ ಅಲ್ಲಿ ಕುಳಿತಿದ್ದೇನೆ.

ನೇರನುಡಿ
ಕಾರ್ಮೋಡ ಅವರೇ, ನಿಮ್ಮ ಅನುಭವದ ಮುಂದೆ ನಾನು ವಾದ ಮಾಡುವುದಿಲ್ಲ. ಆದರೂ ಎಲ್ಲವೂ ಕೆಟ್ಟದ್ದೇ ಎಂಬ ಭಾವನೆ ಮೂಡುತ್ತಿರುವುದರಿಂದ ಕೇಳುತ್ತೇನೆ, ಈಚೆಗೆ ಏನೂ ಬದಲಾಗಿಲ್ಲವೇ?

ಹಳೇರೀಲು
ಬದಲಾಗಿದೆ, ಆದರೆ ಹೊರಗಿನವರು ಕೂಗಿದ ಮೇಲೆ. 2013ರಲ್ಲಿ ಡಿಸ್ನಿ ಮೆಕ್ಸಿಕೊದವರ ಸತ್ತವರ ಹಬ್ಬದ ಹೆಸರನ್ನೇ ವ್ಯಾಪಾರಮುದ್ರೆ ಮಾಡಿಕೊಳ್ಳಲು ಅರ್ಜಿ ಹಾಕಿ, ಪ್ರತಿಭಟನೆಯಾದ ಮೇಲೆ ಹಿಂದಕ್ಕೆ ಪಡೆಯಿತು. ಆಗ ಕಟುವಾಗಿ ಟೀಕಿಸಿದ ವ್ಯಂಗ್ಯಚಿತ್ರಕಾರ ಲಾಲೊ ಅಲ್ಕರಾಜ್ ಅವರನ್ನು ಆಮೇಲೆ 2017ರ 'ಕೋಕೋ' ಚಿತ್ರಕ್ಕೆ ಸಲಹೆಗಾರರನ್ನಾಗಿ ಕರೆದರು. ಚಿತ್ರ ಮೆಕ್ಸಿಕೊದವರಿಗೇ ಮೆಚ್ಚುಗೆಯಾಯಿತು. 2019ರ 'ಫ್ರೋಜನ್ 2' ಮಾಡುವಾಗ ಉತ್ತರ ಯುರೋಪಿನ ಸಾಮಿ ಜನರ ಪ್ರತಿನಿಧಿಗಳೊಡನೆ ಲಿಖಿತ ಒಪ್ಪಂದ ಮಾಡಿಕೊಂಡರು, ಚಿತ್ರ ಉತ್ತರ ಸಾಮಿ ಭಾಷೆಯಲ್ಲೂ ಬಂತು. ಹಾಗೆಂದು ಎಲ್ಲವೂ ಸರಿಹೋಯಿತು ಎನ್ನಲಾರೆ. 2016ರ 'ಮೊವಾನಾ' ಚಿತ್ರದ ಸಮಯದಲ್ಲಿ ಕಂದು ಚರ್ಮ ಮತ್ತು ಹಚ್ಚೆಯ ಚಿತ್ರವಿರುವ ಮೈಗವಸನ್ನು ಮಕ್ಕಳ ವೇಷವೆಂದು ಮಾರಾಟಕ್ಕಿಟ್ಟು, ಪೆಸಿಫಿಕ್ ದ್ವೀಪದವರು ನೊಂದು ಮಾತನಾಡಿದ ಮೇಲೆ ತೆಗೆದುಹಾಕಿದರು.

ಎಣಿಕೆಗಾರ
ನನ್ನ ಮೊದಲಿನ ಲೆಕ್ಕಕ್ಕೂ ಸೇರ್ಪಡೆ ಬೇಕು. ಅದೇ ಅಧ್ಯಯನದಲ್ಲಿ 'ಟ್ಯಾಂಗಲ್ಡ್' ಚಿತ್ರದಲ್ಲಿ ಹೆಂಗಸರ ಮಾತು ಶೇ 52, 'ಬ್ರೇವ್' ಚಿತ್ರದಲ್ಲಿ ಶೇ 74. ಅಕ್ಕತಂಗಿಯರ ಕಥೆಯಾದ 2013ರ 'ಫ್ರೋಜನ್' ಮಾತ್ರ ಮತ್ತೆ ಶೇ 41ಕ್ಕೆ ಇಳಿಯುತ್ತದೆ.

ಅಜ್ಜಿಕಥೆ
ಬಿಳಿಹಾಳೆ ಅವರು ಕೇಳಿದ್ದು ಮನೆಯಲ್ಲಿ ಏನು ಮಾಡಬೇಕು ಎಂದು. ನಾನು 31 ವರ್ಷ ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು, ಈಗ ಮೊಮ್ಮಕ್ಕಳೊಡನೆ ಮಾಡುವುದನ್ನು ಹೇಳುತ್ತೇನೆ. ಹೊಸ ಚಿತ್ರದ ಮೊದಲ ಕೆಲವು ನಿಮಿಷ ಕಣ್ಣು ಮುಚ್ಚಿ ಬರಿಯ ದನಿ ಕೇಳುತ್ತೇವೆ. ಯಾರು ಒಳ್ಳೆಯವರು, ಯಾರು ಕೆಟ್ಟವರು ಎಂದು ಊಹಿಸುತ್ತೇವೆ. ಮಕ್ಕಳ ಊಹೆ ಸರಿಯಾಗಿಯೇ ಇರುತ್ತದೆ. ಆಗ "ಹೇಗೆ ಗೊತ್ತಾಯಿತು ಪುಟ್ಟ?" ಎಂದು ಕೇಳುತ್ತೇನೆ. ಆ ಪ್ರಶ್ನೆಯ ಮುಂದೆ ಮಗು ನಿಂತು ಯೋಚಿಸುವುದನ್ನು ನೋಡಬೇಕು. ಚಿತ್ರ ಮುಗಿದ ಮೇಲೆ ಇಷ್ಟವಾದ ದೃಶ್ಯವನ್ನು ಪಾತ್ರ ಅದಲುಬದಲು ಮಾಡಿ ಆಡುತ್ತೇವೆ. ಮೊಮ್ಮಗ ಗೋಪುರದಲ್ಲಿ ಕೂರುತ್ತಾನೆ, ಮೊಮ್ಮಗಳು ಕುದುರೆ ಏರಿ ಬರುತ್ತಾಳೆ.

ಆದರೆ ಮೊದಲ ಸಲ ನೋಡುವಾಗ ನಡುನಡುವೆ ನಿಲ್ಲಿಸಿ ಪಾಠ ಹೇಳಬೇಡಿ. ನಾನು ಹಾಗೆ ಮಾಡಿ ನೋಡಿದ್ದೇನೆ, ಮಕ್ಕಳು ಎದ್ದು ಹೋದರು. ಮಾತು ಮರುದಿನ ಬರಲಿ.

ಒಳಮನೆ
ನಾನು ಬೇರೆ ನಾಡಿನ ಚಿತ್ರಗಳನ್ನು ತೋರಿಸುತ್ತೇನೆ. ಜಪಾನಿನ 1988ರ 'ಮೈ ನೇಬರ್ ಟೊಟೊರೊ'ದ ಇಬ್ಬರು ಹುಡುಗಿಯರು ಓಡುತ್ತಾರೆ, ಬೀಳುತ್ತಾರೆ, ಕೆಸರಾಗುತ್ತಾರೆ, ಅಳುತ್ತಾರೆ. ಅದರಲ್ಲಿ ಖಳನೇ ಇಲ್ಲ. ಮಿಶೆಲ್ ಒಸೆಲೊ ಅವರ 1998ರ 'ಕಿರಿಕು'ವಿನಲ್ಲಿ ಪಶ್ಚಿಮ ಆಫ್ರಿಕಾದ ಹಳ್ಳಿಯ ಪುಟ್ಟ ಹುಡುಗ ಮಾಟಗಾತಿಯನ್ನು ಕೊಲ್ಲುವುದಿಲ್ಲ, ಅವಳು ಯಾಕೆ ಕೆಟ್ಟವಳಾದಳು ಎಂದು ಕೇಳುತ್ತಾನೆ. ಅವಳ ಬೆನ್ನಿನಲ್ಲಿ ಯಾರೋ ಚುಚ್ಚಿದ ಮುಳ್ಳು ಇರುತ್ತದೆ.

ಬಿಳಿಹಾಳೆ
ಎಲ್ಲರಿಗೂ ಕೃತಜ್ಞತೆಗಳು. ನಾನು ಡಿವಿಡಿಯನ್ನು ಎಸೆದಿಲ್ಲ, ಮೇಲಿನ ಕಪಾಟಿಗೆ ಇಟ್ಟಿದ್ದೇನೆ, ಅವಳು ಇನ್ನೂ ಸ್ವಲ್ಪ ದೊಡ್ಡವಳಾದ ಮೇಲೆ ಇಳಿಸುತ್ತೇನೆ. ನಿನ್ನೆ ಮಗಳ ಜೊತೆ ಕುಳಿತು, ಜೇನುಗೂಡು ಅವರು ಹೇಳಿದ ಜೇನಿನ ವಿಷಯ ಹೇಳಿದೆ. ಅವಳು ಹಾಳೆ ತಂದು ಜೇನುಗಳನ್ನು ಬರೆದಳು. ಅವುಗಳಿಗೆ ರೆಪ್ಪೆಗೂದಲು ಎಳೆಯಲು ಹೋಗಿ, ಜಾಗ ಸಾಲದೆ, "ಇಷ್ಟೊಂದು ಜನಕ್ಕೆ ಬೇಡ, ಎಲ್ಲರೂ ಹುಡುಗಿಯರೇ ಅಲ್ಲವಾ" ಎಂದು ಬಿಟ್ಟಳು. ಗಂಡು ಜೇನು ಒಂದನ್ನು ಬರೆದು ಅದಕ್ಕೆ ಟೋಪಿ ಹಾಕಿದಳು, ಗುರುತು ಸಿಗಲಿ ಎಂದು.

'ಪೀಟರ್ ಪ್ಯಾನ್'ನ ಪ್ರಶ್ನೆಗೆ ಇನ್ನೂ ಉತ್ತರ ಕೊಟ್ಟಿಲ್ಲ. ಅವರು ನಿಜವಾದ ಜನ ಎಂದೆ. ಹಾಗಾದರೆ ಅವರ ಹೆಸರೇನು ಎಂದಳು.

ಹಳೇರೀಲು
ಆ ಚಿತ್ರದವರು ಯಾವ ಒಂದು ಜನಾಂಗದವರೂ ಅಲ್ಲ, ಹಲವರ ಉಡುಗೆ ತೊಡುಗೆಗಳನ್ನು ಕಲಸಿ ಮಾಡಿದ ಗೊಂಬೆಗಳು. ಅವಳಿಗೆ ನಿಜವಾದ ಹೆಸರುಗಳನ್ನೇ ಹೇಳಿ: ನವಾಹೊ, ಚೆರೋಕಿ, ಲಕೋಟ, ಹೋಪಿ. ಇವರೆಲ್ಲ ಇಂದಿಗೂ ಇದ್ದಾರೆ, ಅವರ ಮಕ್ಕಳೂ ಶಾಲೆಗೆ ಹೋಗುತ್ತಾರೆ ಎಂದೂ ಹೇಳಿ. ದೊಡ್ಡವಳಾದ ಮೇಲೆ ಪೊಕಾಹೊಂಟಸಳ ನಿಜಕಥೆ ಹೇಳಬಹುದು. 1607ರಲ್ಲಿ ಇಂಗ್ಲಿಷರು ಬಂದಿಳಿದಾಗ ಅವಳು ಸುಮಾರು 11 ವರ್ಷದ ಬಾಲಕಿ, ಚಿತ್ರದಲ್ಲಿ ತೋರಿಸಿದ ಯುವತಿಯಲ್ಲ. ಅವಳು 1617ರಲ್ಲಿ ತನ್ನ ನಾಡಿನಿಂದ ಬಹುದೂರ, ಇಂಗ್ಲೆಂಡಿನಲ್ಲಿ ತೀರಿಕೊಂಡಳು.

ನೇರನುಡಿ
ನಿನ್ನೆ ರಾತ್ರಿ ಮಗಳ ಅಚ್ಚುಮೆಚ್ಚಿನ ಚಿತ್ರವನ್ನು ಹಾಕಿ, ಹಾಳೆಯಲ್ಲಿ ಎರಡು ಸಾಲು ಮಾಡಿ, ಹೆಣ್ಣು ಮಾತನಾಡಿದಾಗ ಒಂದು ಗೆರೆ, ಗಂಡು ಮಾತನಾಡಿದಾಗ ಒಂದು ಗೆರೆ ಎಂದು ಎಳೆಯಲು ಕುಳಿತೆವು. ಅರ್ಧ ಗಂಟೆಗೆ ಒಂದು ಸಾಲಿನಲ್ಲಿ ಜಾಗ ಮುಗಿದು ಹಾಳೆ ತಿರುವಬೇಕಾಯಿತು. ಇನ್ನೊಂದು ಸಾಲಿನಲ್ಲಿ 19 ಗೆರೆಗಳಿದ್ದವು. ಅಷ್ಟರಲ್ಲಿ ಅವಳಿಗೆ ನಿದ್ದೆ ಬಂತು. ಉಳಿದದ್ದನ್ನು ಇಂದು ಸಂಜೆ ಎಣಿಸುತ್ತೇವೆ.